ಟ್ರಂಕಿನೊಳಗಿನ ಕಂಪ್ಯೂಟರ್

ಮೊನ್ನೆ ಸಾಗರದಲ್ಲಿ ಮೊಬೈಲ್ ರಿಪೇರಿಗೆಂದು ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ಅದೇ ಊರಲ್ಲಿದ್ದ ರೇಡಿಯೋ ರಿಪೇರಿ ಅಂಗಡಿಯವರೊಬ್ಬರು ಕಣ್ಮುಂದೆ ಬಂದರು...

ಆಗ ತೀರ್ಥಹಳ್ಳಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಂಪ್ಯೂಟರ್ ಎಂದರೆ ದೊಡ್ಡ ಊರಿನ ಏಸಿ ಕೋಣೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು ನೋಡುವ ವಸ್ತು ಎಂದು ನಂಬಿದ್ದ ಕಾಲ. ಸಾಗರದ ಈ ಮನುಷ್ಯ ಅದನ್ನು ತಾವೇ ಜೋಡಿಸಿ, ತಗಡಿನ ಟ್ರಂಕಿನಲ್ಲಿ ಕೂರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸನಗರ, ತೀರ್ಥಹಳ್ಳಿ ಸುತ್ತುತ್ತಿದ್ದರು. ಮುಚ್ಚಳ ತೆಗೆದರೆ ಅಂಗೈಯಗಲದ ಪರದೆ, ಕೆಳಗೆ ಕೀಲಿಗಳು. ಅಂಥ ನಾಲ್ಕು ಮಾಡಿದ್ದರು. ಅವು ಮಾರಾಟವಾದರೆ ಅಂಗಡಿಯ ಹಿಂದೆ ಪುಟ್ಟ ಕಾರ್ಖಾನೆ ಹಾಕುವ ಕನಸು.

ಅದನ್ನು ನನ್ನಲ್ಲಿಗೂ ತಂದು, ಪರದೆಯ ಮೇಲೆ ನನ್ನ ಹೆಸರು ಮೂಡಿಸಿದಾಗ ಮೈ ಜುಮ್ಮೆಂದಿತ್ತು. ಕೊಳ್ಳಲು ಮನಸ್ಸು ಮಾಡಿಯೂ ಆಗಿತ್ತು. ಎತ್ತಿ ನೋಡಿದವಳು ಸುಮ್ಮನಿರಲಾರದೆ, "ಭಾರ ಆಯ್ತಲ್ಲ" ಎಂದೆ.

ಅವರ ಮುಖ ಅರಳಿತು. "ಹಾಗಾರೆ ಇದು ಬೇಡ ಮಾರಾಯ್ರೆ. ಮುಂದಿಂದು ಇದರ ಅರ್ಧ ತೂಕ ಇರ್ತದೆ. ಸ್ವಲ್ಪ ತಡೀರಿ."

ವ್ಯಾಪಾರಿಯಾಗಿ ಹೀಗೆ ಹೇಳುವವರುಂಟೇ? ಹೊಸನಗರದ ವಕೀಲರೊಬ್ಬರಿಗೂ ಅದನ್ನೇ ಹೇಳಿ ಬಂದಿದ್ದರಂತೆ. ಒಳ್ಳೆಯದು ಬರುವುದಿದೆ ಎಂದು ಗೊತ್ತಿದ್ದೂ ಇದ್ದದ್ದನ್ನು ತಗುಲಿಸುವುದು ಅವರಿಂದಾಗದ ಕೆಲಸ. ನಾವೂ ಜಾಣರಂತೆ ಹೊಸದಕ್ಕೆಂದು ಕಾದೆವು.

ವರ್ಷ ಕಳೆದು ಸಿಕ್ಕಾಗ, "ಹೊಸದು ಎಲ್ಲಿಗೆ ಬಂತು?" ಎಂದು ಕೇಳಿದೆ.

"ಹಳೇದು ಒಂದೂ ಹೋಗ್ಲಿಲ್ಲ. ದುಡ್ಡಿಲ್ದೆ ಹೊಸದು ಹೆಂಗೆ ಮಾಡ್ಲಿ, ಹೇಳಿ" ಎಂದು ನಕ್ಕರು.

ಆಗಲೇ "ಅದನ್ನೇ ಕೊಡಿ" ಅನ್ನಬೇಕಿತ್ತು. ಕನಿಕರ ತೋರಿಸಿದಂತಾದೀತೆಂದು ಸಂಕೋಚವಾಯಿತು... ತಿಂಗಳು ಬಿಟ್ಟು ಕೊಳ್ಳಲೆಂದೇ ಸಾಗರಕ್ಕೆ ಹೋದೆ. ನಾಲ್ಕನ್ನೂ ಬಿಚ್ಚಿ, ಒಳಗಿನ ಸಾಮಾನನ್ನು ಊರವರ ಟೀವಿ, ಟೇಪ್‌ರೆಕಾರ್ಡರ್‌ಗಳಿಗೆ ಹಾಕಿ ಮುಗಿಸಿದ್ದರು. ಖಾಲಿ ಟ್ರಂಕುಗಳಲ್ಲಿ ಅವರ ಹೆಂಡತಿ ಹಳೇಬಟ್ಟೆ ತುಂಬಿಟ್ಟಿದ್ದರು. "ಹೋದ ವಾರ ಬಂದಿದ್ರೆ..." ಎನ್ನುತ್ತ ಅಂಗಡಿಯವರು ನನಗೆ ಚಹಾ ತರಿಸಿದರು. ಆಮೇಲೆ ಅವರು ರಿಪೇರಿ ಬಿಟ್ಟು ಬೇರೇನೂ ಮಾಡಲಿಲ್ಲ.

ಈಗ ಅವರಿಲ್ಲ. ಮಗಳು ಕೊಡಿಸಿದ ಲ್ಯಾಪ್‌ಟಾಪ್ ನನ್ನ ಬಳಿ ಇದೆ. ಎಷ್ಟು ಹಗುರ ಎಂದು ಯಾರಾದರೂ ಹೊಗಳಿದರೆ ನನಗೆ ನಾಚಿಕೆಯಾಗುತ್ತದೆ. ಭಾರವಾದರೂ ಇರಲಿ ಎನ್ನುವ ಒಬ್ಬರು ಸಾಕಿತ್ತು ಅವರಿಗೆ. ಆ ಒಬ್ಬಳು ನಾನಾಗಬಹುದಿತ್ತು.