ತುಂಬಿದ ನಳಿಕೆ

ಹೂಲಿಯ ಆ ರೈತ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಬೈಲಹೊಂಗಲದ ನಮ್ಮ ಅಂಗಡಿಯಲ್ಲಿ ಕಬ್ಬಿಣದ ಕೆಲಸ ಅಪ್ಪನದು, ಕಟ್ಟಿಗೆಯದು ನನ್ನದು. ಪ್ರತಿ ಚುನಾವಣೆಗೆ ಠಾಣೆಯಲ್ಲಿ ಜಮಾ ಆದ ರೈತರ ಬಂದೂಕುಗಳು ತುಕ್ಕು ಹಿಡಿದು ಮರಳಿದರೆ ಸೀದಾ ನಮ್ಮಲ್ಲಿಗೇ ಬರುತ್ತಿದ್ದವು. ಇದು ಅಂಥದ್ದಲ್ಲ. ಬಾಯಿಯಿಂದ ಮದ್ದು ತುಂಬುವ, ನನ್ನ ಭುಜದೆತ್ತರದ ಹಳೆಯ ಬಂದೂಕು. ಹಿಂದಿನ ಯಾವನೋ ಕಮ್ಮಾರ ನಳಿಕೆಯುದ್ದಕ್ಕೂ ಬಳ್ಳಿ ಕೆತ್ತಿದ್ದ. ಹಿಡಿಕೆ ಮಾತ್ರ ಎರಡು ತುಂಡಾಗಿತ್ತು.

"ಹೆಂಗ ಮುರೀತ್ರಿ ಇದು?" ಎಂದೆ.

"ಕೈ ಜಾರಿ ಬಿತ್ತು, ತಂಗಿ."

ಮುರಿದ ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಹಿತ್ತಾಳೆಯ ಪಟ್ಟಿಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಕೂದಲನ್ನು ಚಿಮಟದಿಂದ ಕಿತ್ತು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನೇ ನೋಡುತ್ತ ನಿಂತ.

"ತಮ್ಮನ ತಲಿ ಮ್ಯಾಲ ಹಾಕಿದ್ನಿ. ಬದುವಿನ ಬೇವಿನ ಗಿಡ ಕಡದಿದ್ದ. ಸಿಟ್ಟಿನಾಗ ಗ್ವಾಡಿ ಮ್ಯಾಲಿಂದ ಇದನ್ನ ಕಿತ್ಕೊಂಡ್ನಿ. ಅವಂಗ ಈಗ ಒಂದು ಕಣ್ಣು ಕಾಣಂಗಿಲ್ಲ."

ಅಪ್ಪನಿಗೆ ಈ ಮಾತು ಕೇಳಿಸಲೇ ಇಲ್ಲವೇನೋ. ಅವರ ಕಣ್ಣು ನಳಿಕೆಯ ಮೇಲಿತ್ತು. ಸಲಾಕೆಯನ್ನು ಬಾಯಿಯಿಂದ ಒಳಕ್ಕಿಳಿಸಿ ಗುರುತು ಮಾಡಿ, ಹೊರಗೆ ಹಿಡಿದು ಅಳೆದರು. ನಳಿಕೆಯ ಉದ್ದಕ್ಕಿಂತ ನಾಲ್ಕು ಬೆರಳು ಕಡಿಮೆ ಬಂತು.

"ತುಂಬೇತಿ. ಒಳಗ ಮದ್ದು, ಗುಂಡು ಹಂಗ ಅದಾವ," ಎಂದರು.

"ನಮ್ಮ ಅಜ್ಜ ಹ್ವಾದ ಮ್ಯಾಲ ಯಾರೂ ಹಾರಿಸಿಲ್ರಿ," ಎಂದ ರೈತ. ಹಿಡಿಕೆ ಮೇಲೆತ್ತಿ ತಮ್ಮನಿಗೆ ಬಾರಿಸಿದಾಗ ನಳಿಕೆಯ ಬಾಯಿ ತನ್ನ ಹೊಟ್ಟೆಗೇ ನೆಟ್ಟಿತ್ತೆಂಬುದು ಆಗ ಅವನಿಗೆ ಹೊಳೆಯಿತು. ನಳಿಕೆಯ ಬಾಯಿಯಿಂದ ಪಕ್ಕಕ್ಕೆ ಸರಿದು ನಿಂತ.

ಎರಡು ದಿನ ನಳಿಕೆಗೆ ನೀರು ಹೊಯ್ದಿಟ್ಟೆವು. ಗುಂಡು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು, ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ನಳಿಕೆಯ ಹಿಂಬದಿಯನ್ನು ಮುಚ್ಚಿದ್ದ ತಿರುಪು ಸಡಿಲವಾಗಲೆಂದು ಅಪ್ಪ ಆ ತುದಿಯನ್ನು ಕುಲುಮೆಗೆ ಒಡ್ಡಿದರು.

"ಅಪ್ಪಾ, ಇನ್ನೂ ನಾಕು ದಿನ ನೆನೀಲಿ."

"ನೀರು ಕುಡದ ಮದ್ದು ಮಣ್ಣಾಗಿರತೇತಿ. ನೀ ನಿನ್ನ ಕೆಲಸ ನೋಡು."

ಸದ್ದು ಕೇಳಿದ ನೆನಪಿಲ್ಲ. ಕೆಂಡ ಮುಖಕ್ಕೆ ಹಾರಿತು, ಅಂಗಡಿಯೆಲ್ಲ ಹೊಗೆ. ಕಚ್ಚಿಕೊಂಡ ಗುಂಡನ್ನು ದಾಟಿ ನೀರು ಮದ್ದಿಗೆ ತಲುಪಿರಲೇ ಇಲ್ಲ; ಆ ಗುಂಡು ಎದುರಿನ ಗೋಡೆ ಒಡೆದು ಒಳಹೊಕ್ಕಿತ್ತು. ತಿರುಪು ಹಿಂದಕ್ಕೆ ಚಿಮ್ಮಿ, ಕೆಂಡ ಸರಿಸುತ್ತಿದ್ದ ಅಪ್ಪನ ಬಲಗೈಯ ಮೂರು ಬೆರಳುಗಳನ್ನು ಹರಿದುಕೊಂಡು ಹೋಗಿತ್ತು. ಅವರು ಕೂಗುತ್ತಿದ್ದರು, ಬಾಯಿ ಕಾಣುತ್ತಿತ್ತು, ನನಗೆ ಏನೂ ಕೇಳುತ್ತಿರಲಿಲ್ಲ. ಒಂದು ಬೆರಳು ಕೆಂಡದಲ್ಲಿ ಸುಡುತ್ತಿತ್ತು. ಬರಿಗೈಯಿಂದ ಎತ್ತಿಕೊಂಡೆ. ಅವರ ಕೈಗೆ ನನ್ನ ಓಢಣಿ ಬಿಗಿದು ಆಟೋದಲ್ಲಿ ಕೂರಿಸಿದರೆ ಅಪ್ಪ ನನ್ನ ಕಿವಿಗೆ ಬಾಯಿಟ್ಟು ಕೇಳಿದ್ದು ಒಂದೇ:

"ನಳಿಗಿ ಸೀಳೇತೇನು?"

ಸೀಳಿರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಬೀಟೆಯ ಹಿಡಿಕೆ ಕೆತ್ತಿ ಕೂಡಿಸಿದೆ, ಇನ್ನೊಂದು ತಿರುಪು ಮಾಡಿಸಿದೆ. ಆಮೇಲೆ ಕಿಡಿ ಒಳಹೋಗುವ ಸಣ್ಣ ತೂತಿಗೆ ಉಕ್ಕಿನ ಮೊಳೆ ಜಡಿದು, ಬೆಸೆದು, ಅರದಿಂದ ಉಜ್ಜಿ ಸಮ ಮಾಡಿದೆ. ಇನ್ನು ಅದು ಎಂದೂ ಹಾರುವಂತಿರಲಿಲ್ಲ.

ಮನೆಗೆ ಬಂದ ಅಪ್ಪ ಎಡಗೈ ಹೆಬ್ಬೆರಳನ್ನು ಆ ಜಾಗದ ಮೇಲೆ ಆಡಿಸಿದರು. ಅದೇ ಕೈಯಿಂದ ನನ್ನ ಕೆನ್ನೆಗೆ ಬಾರಿಸಿದರು. ಅಲ್ಲಿಯತನಕ ಎಂದೂ ಹೊಡೆದವರಲ್ಲ.

"ಇದನ್ನ ಮಾಡಿದಾಂವನ ಜೀವಾ ತಗದಿ ನೀ!"

"ನಿನ್ನ ಕೈಬಟ್ಟು ಬೆಂಕ್ಯಾಗಿಂದ ಹೆಕ್ಕಿದಾಕಿ ನಾನ, ಅಪ್ಪಾ," ಎಂದೆ.

ಮರುದಿನ ರೈತ ಬಂದ. ಬಂದೂಕು ಇನ್ನು ಹಾರುವುದಿಲ್ಲ ಎಂದು ಹೇಳಿದೆ. ಅವನು ಹೊಸ ಹಿಡಿಕೆಯನ್ನು ಸವರಿ, "ಬಡಿಯಾಕಂತೂ ಬರತೇತಲ್ಲ, ತಂಗಿ. ನನ್ನ ಕೈಯಾಗ ಕೊಡಬ್ಯಾಡ. ತಮ್ಮನ್ನ ಕಳಸ್ತೇನಿ. ಲೈಸೆನ್ಸಿನಾಗ ಅವನ ಹೆಸರೂ ಐತಿ," ಎಂದು ಬರಿಗೈಯಲ್ಲಿ ಹೋದ.

ಎರಡು ದಿನದ ಮೇಲೆ ತಮ್ಮ ಬಂದ. ಹುಬ್ಬಿನಿಂದ ಕಿವಿಯವರೆಗೆ ಹೊಲಿಗೆ. ಅಣ್ಣನ ಮಾತನ್ನು ಇದ್ದಂತೆ ಹೇಳಿದೆ. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತ. ಆಮೇಲೆ ಬಂದೂಕನ್ನು ಚೀಲದಲ್ಲಿ ಸುತ್ತಿ, ಊರಿಗೆ ಹೋಗುವ ಸವದತ್ತಿ ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ಅಪ್ಪ ಎಂಟು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಒಂಬತ್ತನೆಯ ದಿನ ಕುಲುಮೆಯ ಮುಂದೆ ಬಂದು ಕೂತು, "ತಿದಿ ಒತ್ತು. ಕಬ್ಬಿಣ ಎಷ್ಟು ಕೆಂಪಗಾಗಬೇಕು ತೋರಸ್ತೇನಿ," ಎಂದರು.