ತೊಟ್ಟಿಲಿಗೊಂದು ಗರಗಸ

ಬೆಳಗಾವಿಯ ಸದಾಶಿವನಗರದ ಆ ಮನೆಗೆ ಕಾರು ನಿಲ್ಲಿಸಲೆಂದು ಕಟ್ಟಿಸಿದ ಗ್ಯಾರೇಜು ಇತ್ತು. ಕಾರು ಮಾತ್ರ ಇರಲಿಲ್ಲ. ಯಾವ ಕಾರು ಕೊಳ್ಳಬೇಕೆಂಬುದನ್ನು ಶಶಿಧರ ಇನ್ನೂ ಆರಿಸುತ್ತಿದ್ದ. ಅವನು ಆರಿಸುತ್ತಿರುವಾಗಲೇ ಮಗಳು ನಿಖಿತಾ ಹೈಸ್ಕೂಲು ದಾಟಿ, ಕಾಲೇಜು ಮುಗಿಸಿ, ಮದುವೆಯಾಗಿ ಬೈಲಹೊಂಗಲಕ್ಕೂ ಹೋಗಿಬಿಟ್ಟಳು. ಗ್ಯಾರೇಜಿನಲ್ಲಿ ಹಳೆಯ ಸ್ಕೂಟರಿನ ಪಕ್ಕಕ್ಕೆ ಒಂದು ಬೆಂಚು, ಗೋಡೆಯ ಮೇಲೆ ಉಳಿ, ಸುತ್ತಿಗೆ, ಹಲಗೆ ಹೆರೆಯುವ ರಂಧಾ ಎಲ್ಲ ಒಂದೊಂದಾಗಿ ಬಂದು ಸೇರಿಕೊಂಡವು. ರವಿವಾರ ಬಂತೆಂದರೆ ಶಶಿಧರನ ವಾಸ ಅಲ್ಲಿಯೇ.

ಕಾಲೇಜೊಂದರ ಫಿಜಿಕ್ಸ್ ಪ್ರಯೋಗಾಲಯದಲ್ಲಿ ತಕ್ಕಡಿ, ಅಳತೆಪಟ್ಟಿಗಳ ನಡುವೆಯೇ ತಲೆ ಹಣ್ಣಾದ ಮನುಷ್ಯ. ಕೆಟ್ಟವನೇನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಗೆ ಒಂದು ಒರಟು ಮಾತು ಆಡಿದವನಲ್ಲ. ಆದರೆ ಅವನು ಒಂದು ವಸ್ತು ಕೊಳ್ಳಲು ಹೊರಟನೆಂದರೆ ಹೆಂಡತಿ ಗೌರವ್ವನ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಛತ್ರಿ ಆರಿಸಲು ಹೋಗಿ, ಅಂಗಡಿ ಅಂಗಡಿ ಸುತ್ತಿ ಕಡ್ಡಿ ಎಣಿಸಿ, ಬಟ್ಟೆ ಹಿಸುಕಿ, ಬೆಳಗಾವಿಯ ಇಡೀ ಮಳೆಗಾಲವನ್ನು ಛತ್ರಿಯಿಲ್ಲದೆ ಕಳೆದಿದ್ದ. ಮನೆಯ ಗೇಟು ಆರಿಸುವುದು ಎಷ್ಟು ತಡವಾಯಿತೆಂದರೆ, ಗೃಹಪ್ರವೇಶದ ದಿನ ಯಾರದೋ ಎಮ್ಮೆ ಕರೆಯದೆಯೇ ಬಂದು ಪಡಸಾಲೆಯಲ್ಲಿ ನಿಂತಿತ್ತು.

"ನನ್ನರ ಹ್ಯಾಂಗ ಆರಿಸಿದ್ರಿ ಹಂಗಾರ?" ಎಂದು ಗೌರವ್ವ ಒಮ್ಮೆ ರೋಸಿಹೋಗಿ ಕೇಳಿದ್ದಳು.

"ನಿನ್ನ ನಾ ಎಲ್ಲಿ ಆರಿಸೀನಿ? ನಮ್ಮಪ್ಪ ಆರಿಸಿದ," ಎಂದಿದ್ದ ಪುಣ್ಯಾತ್ಮ, ಅಳತೆಪಟ್ಟಿಯಿಂದ ಕಣ್ಣು ತೆಗೆಯದೆ. ಅದರಲ್ಲಿ ತಪ್ಪೇನೂ ಇರಲಿಲ್ಲ, ನಿಜವನ್ನೇ ಹೇಳಿದ್ದ. ಅದಕ್ಕೇ ಆ ಮಾತು ಗೌರವ್ವನ ಹೊಟ್ಟೆಯಲ್ಲಿ ಹಾಗೇ ಉಳಿದುಬಿಟ್ಟಿತು.

ಈ ಸಲದ ಸಂಕಟ ಶುರುವಾದದ್ದು ಖಾನಾಪುರದ ಹಲಸಿನ ಮರದಿಂದ. ಗೌರವ್ವನ ತವರಿನ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಆ ಮರವನ್ನು ಅವಳ ಅಪ್ಪ ಹಲಗೆ ಕೊಯ್ಯಿಸಿ, ತನ್ನ ಹಳೆಯ ಕೈಗರಗಸದ ಸಮೇತ ಟೆಂಪೋದಲ್ಲಿ ಹಾಕಿ ಮಗಳ ಮನೆಗೆ ಕಳಿಸಿದ್ದ. "ನಿಖಿತಾನ ಕೂಸಿಗೆ ಇದರಾಗ ತೊಟ್ಟಲಾ ಮಾಡಸ್ರಿ" ಎಂದಿದ್ದ. ನಿಖಿತಾಳಿಗೆ ಆಗಿನ್ನೂ ಮದುವೆಯೂ ಆಗಿರಲಿಲ್ಲ. "ಮಾಡಸೂದ್ಯಾಕ ಮಾವಾರ, ನಾನ ಮಾಡ್ತೀನಿ" ಎಂದು ಶಶಿಧರ ಮಾತು ಕೊಟ್ಟ. ಮಾತು ತೆಗೆದುಕೊಂಡವನು ಮರುವರ್ಷವೇ ತೀರಿಹೋದ. ಕೊಟ್ಟವನು ಹಲಗೆಗಳಿಗೆ ರಂಧಾ ಹೊಡೆದು ಕನ್ನಡಿಯಂತೆ ನುಣುಪು ಮಾಡಿ ಗ್ಯಾರೇಜಿನ ಅಟ್ಟಕ್ಕೆ ಏರಿಸಿದ. ಇನ್ನು ಅಳತೆಗೆ ಕೊಯ್ಯುವುದೊಂದೇ ಬಾಕಿ.

ಆದರೆ ಕೊಯ್ಯುವುದು ಹೇಗೆ? ಕೈಗರಗಸದಲ್ಲಿ ಕೊಯ್ದರೆ ಕೂದಲೆಳೆಯಷ್ಟಾದರೂ ಓರೆಯಾಗುತ್ತದೆ. ಮೇಜಿನ ನಡುವೆ ಅಲಗು ತಿರುಗುವ ಮಷೀನು ಬೇಕು, ಟೇಬಲ್ ಸಾ ಬೇಕು ಎಂದ ಶಶಿಧರ. ಆಗಲಿ, ತನ್ನಿ ಎಂದಳು ಗೌರವ್ವ. ಆ ಎರಡು ಮಾತು ಆಡಿದ್ದಕ್ಕೆ ಆಮೇಲೆ ಎಷ್ಟು ಸಲ ಹಣೆ ಹಣೆ ಚಚ್ಚಿಕೊಂಡಳೋ ಅವಳಿಗೇ ಗೊತ್ತು.

ಖಡೇಬಜಾರಿನ ಅಂಗಡಿಯೊಂದಕ್ಕೆ ಮುಂಬೈಯಿಂದ ಹಗುರಾದೊಂದು ಮಷೀನು ಬಂದಿತ್ತು. ಶಶಿಧರ ಅದನ್ನು ಚಾಲೂ ಮಾಡಿಸಿ, ಮೇಜಿನ ಮೇಲೆ ಎಂಟಾಣೆಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿದ. ನಾಣ್ಯ ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಗಿರಾಕಿಗಳು ಅಕ್ಕಿಕಾಳು ಕಂಡ ಕೋಳಿಗಳ ಹಾಗೆ ಸುತ್ತ ಮುತ್ತಿಕೊಂಡರು. "ನಡಗತೈತಿ, ಬ್ಯಾಡ," ಎಂದು ಹೊರಬಂದ. ಅನಗೋಳದ ವರ್ಕ್‌ಶಾಪಿನವನೊಬ್ಬ ಬೀಡುಕಬ್ಬಿಣದ ಮೇಜು ಎರಕ ಹೊಯ್ಯಿಸಿ, ಬೆಲ್ಟು ಮೋಟರು ಕೂಡಿಸಿ ಮಾಡಿಕೊಡುತ್ತಿದ್ದ. ಅಲ್ಲಿ ನಾಣ್ಯ ಅಲುಗದೆ ನಿಂತಿತು. ಇನ್ನೇನು, ಮುಗಿಯಿತು ಎಂದು ಗೌರವ್ವ ನಿಟ್ಟುಸಿರು ಬಿಡುವಷ್ಟರಲ್ಲಿ ಶಶಿಧರ ಮೋಟರಿನ ವಿಷಯ ತೆಗೆದ. ಒಂದು ಹಾರ್ಸ್‌ಪವರ್ ಸಾಕೋ, ಎರಡು ಬೇಕೋ? ಎರಡಾದರೆ ಮನೆಯ ವೈರು ತಾಳೀತೋ? ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬೆಳೆಯತೊಡಗಿತು. ಒಂದು ಗೋಡೆ ತುಂಬಿದಾಗ ಸ್ಕೂಟರು ಸರಿಸಿ ಇನ್ನೊಂದು ಗೋಡೆಗೆ ಹೋದ.

ಅಷ್ಟರಲ್ಲಿ ನಿಖಿತಾ ಚೊಚ್ಚಿಲ ಬಾಣಂತನಕ್ಕೆಂದು ತವರಿಗೆ ಬಂದಳು. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕಬೇಕು, ಆ ತೊಟ್ಟಿಲು ತಾಯಿಯ ತವರಿನದೇ ಆಗಿರಬೇಕು. ಅದು ಗೌರವ್ವನಿಗೆ ಬೀಗರೆದುರಿನ ಮಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಪೇಟೆಯಲ್ಲಿ ಬಣ್ಣದ ತೊಟ್ಟಿಲುಗಳಿಗೆ ಬರವಿರಲಿಲ್ಲ. ಅವಳಿಗೆ ಅಪ್ಪನ ಹಲಗೆಯ ತೊಟ್ಟಿಲೇ ಬೇಕಿತ್ತು. ಅಪ್ಪ ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ಖಾನಾಪುರದಾಗ ಗಜಾನನನ ಅಡ್ಡೆದಾಗ ಒಂದು ಹಳೇ ಮಷೀನ ಐತಂತ. ನೋಡಿ ಬರೂಣು ನಡಿ," ಎಂದ ಶಶಿಧರ ಒಂದು ರವಿವಾರ. ಗಜಾನನ ಎಂದರೆ ಅಪ್ಪನ ಹಲಸಿನ ಮರವನ್ನು ಕೊಯ್ದುಕೊಟ್ಟ ಕಟ್ಟಿಗೆ ಅಡ್ಡೆಯ ಮಾಲೀಕ. ಬಸ್ಸಿನಲ್ಲಿ ಜೋಲಿ ಹೊಡೆಯುತ್ತ ಇಬ್ಬರೂ ಹೋದರು. ಗಜಾನನ ಚಹಾ ತರಿಸಿದ. ಶಶಿಧರ ಚಹಾ ಮುಟ್ಟದೆ ಮಷೀನಿನ ಕೆಳಗೆ ನುಸುಳಿದ. ಅವನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

ಗಜಾನನ ಆ ಕಾಲುಗಳಿಗೇ ಮಾತಾಡಿದ. "ಸರ, ಒಂದ ತೊಟ್ಟಲಕ್ಕ ಮಷೀನ ಯಾಕ ಬೇಕ್ರಿ? ಹಲಗಿ ತೊಗೊಂಡ ಬರ್ರಿ, ಅರ್ಧಾ ತಾಸಿನ್ಯಾಗ ಕೊಯ್ದ ಕೊಡ್ತೇನಿ. ನಮ್ಮ ಕಾಕಾರ ಮರ ಅದು, ರೊಕ್ಕ ಬ್ಯಾಡ. ಅಕ್ಕಾರ, ನೀವರ ಹೇಳ್ರಿ."

"ಕೊಯ್ಯೂದು ಆಮ್ಯಾಲಿನ ಮಾತ್ರಿ," ಎಂದಿತು ಮಷೀನಿನ ಕೆಳಗಿನ ಧ್ವನಿ. "ಮೊದಲ ಮಷೀನ ನಿಕ್ಕಿ ಆಗಲಿ."

ಗೌರವ್ವನಿಗೆ ಆ ಎರಡು ಕಾಲು ಹಿಡಿದು ದರದರ ಎಳೆಯಬೇಕೆನಿಸಿತು. ತವರೂರು, ನಾಲ್ಕು ಜನ ನೋಡುತ್ತಿದ್ದಾರೆ ಎಂದು ಹಲ್ಲು ಕಚ್ಚಿ, ಗಂಡನ ಪಾಲಿನ ಚಹಾವನ್ನೂ ತಾನೇ ಕುಡಿದಳು.

ನವರಾತ್ರಿಗೆ ಇನ್ನೂ ಸಮಯವಿರುವಾಗಲೇ ಹೆಣ್ಣು ಕೂಸು ಹುಟ್ಟಿತು. ದಸರೆಯ ಮರುದಿನ ಹೆಸರಿಡುವುದೆಂದು ಹಿರಿಯರು ಗೊತ್ತುಮಾಡಿದರು. ಕೂಸು ಅತ್ತ ಸದ್ದಿಗಾದರೂ ಶಶಿಧರನಿಗೆ ಎಚ್ಚರವಾಯಿತೇನೋ, ಅನಗೋಳದ ಮಷೀನನ್ನೇ ನಿಕ್ಕಿ ಮಾಡಿಬಿಟ್ಟ. "ಹೊಸಾ ಮಷೀನ, ಪೂಜಿ ಆಗೇ ಚಾಲೂ ಆಗಲಿ" ಎಂದು ಮಹಾನವಮಿಯ ದಿನವೇ ತರಿಸಿದ.

ಗೌರವ್ವನ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಅಂದು ಖಂಡೇ ಪೂಜೆ, ಆಯುಧಗಳಿಗೆಲ್ಲ ಪೂಜೆಯ ದಿನ. ಮಷೀನಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದಳು. ಅದರ ಮೇಲೆ ಉಳಿ, ರಂಧಾ, ಅಪ್ಪನ ಕೈಗರಗಸ, ಕೊನೆಗೆ ಹಲಗೆಗಳನ್ನೂ ಜೋಡಿಸಿ ಕಾಯಿ ಒಡೆದು ಕೈಮುಗಿದಳು. ಕಾಯಿಪಲ್ಯ ಹೆಚ್ಚಲು ಒಂದು ಚಾಕುವನ್ನು ಮಾತ್ರ ಜಾಣತನದಿಂದ ಪೂಜೆಗೆ ಇಡದೆ ಉಳಿಸಿಕೊಂಡಿದ್ದಳು. ಕೈಮುಗಿದು ಕಣ್ಣು ತೆರೆದಾಗಲೇ ಹೊಳೆದದ್ದು: ಪೂಜೆಗೆ ಇಟ್ಟದ್ದನ್ನು ನಾಳೆ ದಸರೆಯ ಮರುಪೂಜೆ ಮಾಡಿ ಎತ್ತುವ ತನಕ ಮುಟ್ಟುವ ಹಾಗಿಲ್ಲ! ಚಾಕುವಿನ ನೆನಪಿದ್ದವಳಿಗೆ ಗರಗಸದ ನೆನಪಾಗಿರಲಿಲ್ಲ. ಊರಿನ ಯಾವ ಬಡಿಗನೂ ಅಂದು ಹತ್ಯಾರ ಎತ್ತುವವನಲ್ಲ. ಒಂದು ಇಡೀ ದಿನ ಹೋಯಿತು. ಈ ಸಲ ತಪ್ಪು ತನ್ನದೇ, ಬೈಯಲು ಗಂಡನೂ ಸಿಗಲಿಲ್ಲವೆಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ದಸರೆಯ ಮಧ್ಯಾಹ್ನ ಮರುಪೂಜೆ ಮುಗಿಸಿ ಹೂವು ತೆಗೆದಳು. "ಹೂಂ, ಇನ್ನ ಚಾಲೂ ಮಾಡ್ರಿ," ಎಂದಳು.

ಶಶಿಧರ ಮಷೀನಿನ ಸುತ್ತ ಒಂದು ಸುತ್ತು ಹಾಕಿದ. ಕೆಮ್ಮಿದ. "ಬ್ಲೇಡ್ ಇಲ್ಲ," ಎಂದ.

"ಏನಂದ್ರಿ?"

"ಬ್ಲೇಡ್ ಬ್ಯಾರೆ ತೊಗೋಬೇಕಾಗತೈತಿ. ಎಷ್ಟ ಹಲ್ಲಿಂದು ತೊಗೋಬೇಕಂತ ಇನ್ನೂ ನಿಕ್ಕಿ ಆಗಿಲ್ಲ. ಇವತ್ತ ಅಂಗಡಿನೂ ಬಂದ್ ಅದಾವ."

ಗೌರವ್ವ ಬೈಯಲಿಲ್ಲ. ಬೈಗುಳಕ್ಕೂ ಒಂದು ಕೊನೆಯಿರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹಲಗೆಯನ್ನು ಆ ಅಲಗಿಲ್ಲದ ಮಷೀನಿನ ಮೇಲೆಯೇ ಇಟ್ಟು, ಅಪ್ಪನ ಕೈಗರಗಸ ತೆಗೆದುಕೊಂಡು ಕೊಯ್ಯತೊಡಗಿದಳು. ಕಣ್ಣಲ್ಲಿ ನೀರು ತುಂಬಿ ಗೆರೆ ಕಾಣುತ್ತಿರಲಿಲ್ಲ. ಗರಗಸ ಎತ್ತ ಎಳೆಯಿತೋ ಅತ್ತ ಓರೆಯಾಗಿ ಹೋಯಿತು.

"ಏ, ವಾರಿ ಆತು! ವಾರಿ ಆತು ಗೌರಾ!" ಶಶಿಧರ ಬೆಂಕಿ ಬಿದ್ದವರಂತೆ ಕೂಗಿದ.

"ಆಗಲಿ! ನಮ್ಮಪ್ಪ ನಿಮ್ಮ ಹಂತ್ಯಾಕ ಬರೋಬ್ಬರಿ ತೊಟ್ಟಲಾ ಕೇಳಿದ್ದಿಲ್ಲ. ತೊಟ್ಟಲಾ ಕೇಳಿದ್ದ!"

ಹಲಗೆ ತುಂಡಾಗಿ ಬಿತ್ತು. ಅವಳು ಎರಡನೆಯದನ್ನು ಎಳೆದುಕೊಂಡಳು. ಶಶಿಧರ ಬಿದ್ದ ಹಲಗೆಯನ್ನು ನೋಡಿದ, ಗೋಡೆ ತುಂಬಿದ ಲೆಕ್ಕವನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ಆಮೇಲೆ ಅವಳ ಕೈಯಿಂದ ಗರಗಸ ತೆಗೆದುಕೊಂಡು ತಾನೇ ಕೊಯ್ಯಲು ನಿಂತ.

ಓಣಿಯಲ್ಲಿ ಜನ ಬನ್ನಿ ಕೊಟ್ಟು ತೆಗೆದುಕೊಳ್ಳುತ್ತಿರುವಾಗಲೂ ಗ್ಯಾರೇಜಿನಲ್ಲಿ ಗರಗಸದ ಸದ್ದು ನಿಲ್ಲಲಿಲ್ಲ. ಗೌರವ್ವ ಹಲಗೆ ಒತ್ತಿ ಹಿಡಿದಳು, ಸ್ಕ್ರೂ ಎತ್ತಿ ಕೊಟ್ಟಳು. ಬೀಡುಕಬ್ಬಿಣದ ಮೇಜು ಒಂದಿಷ್ಟೂ ಅಲುಗಲಿಲ್ಲ, ಅಷ್ಟರ ಮಟ್ಟಿಗೆ ಮಷೀನಿನ ಆಯ್ಕೆ ಸರಿಯಾಗಿತ್ತು ಎಂದು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಪಡಸಾಲೆಯ ಕೊಂಡಿಗಳಿಂದ ತೊಟ್ಟಿಲು ತೂಗಿತು. ಕೆತ್ತನೆಯಿಲ್ಲ, ಬಣ್ಣವಿಲ್ಲ, ಹಲಸಿನ ಹಳದಿಯೇ ಬಣ್ಣ. ಬೈಲಹೊಂಗಲದ ಬೀಗಿತ್ತಿ ತೊಟ್ಟಿಲಿನ ಸುತ್ತ ಕೈಯಾಡಿಸಿ, ತಲೆಯ ಕಡೆಯ ಹಲಗೆಯ ಮೇಲೆ ಬೆರಳು ನಿಲ್ಲಿಸಿದಳು.

"ಎಲ್ಲಾ ಛಲೋ ಆಗೇತ್ರಿ ಬೀಗರ. ಇದೊಂದ ಹಲಗಿ ವಾರಿ ಕೊಯ್ದಂಗ ಕಾಣತೈತಲ್ರಿ?"

ಗೌರವ್ವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅಟ್ಟದ ಮೇಲೆ ಒಂದು ಹಲಗೆ ಹೆಚ್ಚಿಗೆ ಉಳಿದಿತ್ತು, ಅದು ಅವಳಿಗೂ ಗೊತ್ತಿತ್ತು. ಕೂದಲೆಳೆಯ ಓರೆಯನ್ನೂ ಸಹಿಸದ ಮನುಷ್ಯ ಅದನ್ನೇಕೆ ಬದಲಿಸಲಿಲ್ಲ? ಕೈಸಾಗದೆ ಬಿಟ್ಟಿರಬೇಕೆಂದು ಗಂಡನ ಕಡೆ ನೋಡಿದಳು. ಅವನ ಅಂಗೈ ತುಂಬ ಬೊಬ್ಬೆ ಎದ್ದಿದ್ದವು.

"ಹೌದ್ರಿ, ವಾರಿ ಐತಿ. ಅದು ನಮ್ಮ ಮನಿಯವರು ಕೊಯ್ದದ್ದು," ಎಂದ ಶಶಿಧರ. "ಬ್ಯಾರೆ ಹಲಗಿ ಇತ್ತು. ಆದ್ರ ಕೂಸಿನ ತಲೀ ಕಡೆ ಇದ ಇರಲಿ ಅಂತ ನಾನ ಆರಿಸೀನ್ರಿ."

ಗೌರವ್ವ ಕೂಸನ್ನು ಎತ್ತಿ, ಆ ಓರೆ ಹಲಗೆಯ ಕಡೆ ತಲೆ ಮಾಡಿ ಮಲಗಿಸಿ, ತೊಟ್ಟಿಲ ಹಗ್ಗವನ್ನು ಗಂಡನ ಕೈಗೆ ಕೊಟ್ಟಳು.