ಇಲ್ಲದ ನೆಗಡಿ

ಬಾಣಂತನ ಮುಗಿಸಿಕೊಂಡು ಜಮಖಂಡಿಯ ತವರಿನಿಂದ ಬನಹಟ್ಟಿಗೆ ಬಂದಾಗ ಮಗಳಿಗೆ ಐದು ತಿಂಗಳು. ತವರಿನಲ್ಲಿ ಅವಳು ಮುಲುಕಿದರೆ ಸಾಕು, ಮೂರು ಜನ ಓಡಿಬರುತ್ತಿದ್ದರು. ಇಲ್ಲಿ ಮನೆಯ ಹಿಂದೆಯೇ ನಾಲ್ಕು ಪಾವರ್‌ಲೂಮ್. ಅವು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳಬೇಕು.

ಅತ್ತೆಗೆ ಅದೊಂದು ತೊಂದರೆಯೇ ಅಲ್ಲ. ಒಳಕೋಣೆಯ ತೊಟ್ಟಿಲಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮಗ್ಗದ ಪಕ್ಕ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತ ಕೂಡುತ್ತಿದ್ದರು. ಕಾಲು ತೊಟ್ಟಿಲು ತೂಗುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು, ಕೈ ನೂಲು ಸುತ್ತುತ್ತಿತ್ತು.

"ಕೂಸು ಒದ್ಯಾಡಿದ್ರ ಹಗ್ಗ ಜಗ್ಗತೈತಿ ಬೇ, ಬೆರಳಿಗೆ ತಿಳಿತೈತಿ," ಎನ್ನುತ್ತಿದ್ದರು.

ನನಗೆ ಹೊಟ್ಟೆಕಿಚ್ಚು. ಹೆತ್ತವಳು ನಾನು, ತಿಳಿಯುವುದು ಇವರ ಬೆರಳಿಗೆ! ಇನ್ನು ಹದಿನೈದು ದಿನಕ್ಕೆ ನನ್ನ ರಜೆ ಮುಗಿಯುತ್ತಿತ್ತು. ಮುಧೋಳದ ಶಾಲೆಗೆ ಪಾಠ ಮಾಡಲು ಹೋಗುವ ಮೊದಲು ನಾನೂ ಒಬ್ಬ ತಾಯಿ ಎಂದು ಯಾರಿಗಾದರೂ ತೋರಿಸಬೇಕಿತ್ತು.

ಒಂದು ಮಧ್ಯಾಹ್ನ ಅತ್ತೆ ನೆಂಟರ ಮನೆಯ ಬಸುರಿಯ ಕುಬಸಕ್ಕೆಂದು ರಬಕವಿಗೆ ಹೋದರು. ಗಂಡ ಮಗ್ಗ ನೋಡಿಕೊಳ್ಳುತ್ತಿದ್ದರು. ನಾನು ಹಗ್ಗ ಬೆರಳಿಗೆ ಸಿಕ್ಕಿಸಿಕೊಂಡು ಅತ್ತೆಯ ಜಾಗದಲ್ಲೇ ಕೂತೆ. ಎಷ್ಟು ಚೆನ್ನಾಗಿ ತೂಗಿದೆ ಅಂತೀರಿ! ಒಂದು ಕ್ಷಣವೂ ಕಾಲು ನಿಲ್ಲಿಸಲಿಲ್ಲ.

ಕರೆಂಟು ಹೋಯಿತು. ಮಗ್ಗಗಳು ನಿಂತವು. ಗಂಡ ಫೋನು ಹಿಡಿದು ಬೀದಿಗೆ ಹೋದರು. ಆಗ ಒಳಗಿನಿಂದ ದನಿ ಕೇಳಿತು. ಅದು ಅಳುವಲ್ಲ, ಅತ್ತು ಅತ್ತು ಉಳಿದದ್ದು. ಓಡಿ ಹೋಗಿ ನೋಡಿದರೆ ಮಗಳ ಮುಖ ಕೆಂಪಾಗಿತ್ತು, ಗಂಟಲು ಕಟ್ಟಿತ್ತು. ನಾನು ಬಿಡದೆ ತೂಗುತ್ತಿದ್ದುದರಿಂದ ಅವಳ ಒದ್ದಾಟ ನನ್ನ ಬೆರಳಿಗೆ ತಲುಪಿಯೇ ಇರಲಿಲ್ಲ. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ. ಎದೆಗೆ ಹಾಕಿಕೊಂಡರೆ ಹಾಲು ಕುಡಿಯದೆ ನನ್ನನ್ನೇ ನೋಡಿದಳು. ನನ್ನಂಥವಳಿಗೆ ಯಾಕಾದರೂ ಹುಟ್ಟಿದೆಯೋ ಎಂದು ನಾನೂ ಅತ್ತುಬಿಟ್ಟೆ.

ಸಂಜೆ ಬಂದ ಅತ್ತೆ ಮಗುವನ್ನು ಎತ್ತಿಕೊಂಡವರೇ ಕೇಳಿದರು, "ಕೂಸಿನ ದನಿ ಯಾಕ ಬಿದ್ದೈತಿ?"

"ನೆಗಡಿ ಆಗೇತಿ ಕಾಣತೈತ್ರೀ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಅತ್ತೆ ಮಗುವಿನ ನೆತ್ತಿ ಮುಟ್ಟಿ ನೋಡಿದರು. ಆಮೇಲೆ ಅಂದರು, "ಮುಂಜಾನೆ ತಲಿಗೆ ನೀರ ಭಾಳ ಹಾಕಿದ್ನಿ. ನಂದ ತಪ್ಪಾತು."

ದಿನಾ ಕಾಲು ಚಾಚಿ, ಮೊಮ್ಮಗಳನ್ನು ಅದರ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುವುದೇ ಅವರ ದೊಡ್ಡ ಸಂಭ್ರಮವಾಗಿತ್ತು. ಮರುದಿನದಿಂದ ಅದು ನಿಂತಿತು. ನಾನು ಒದ್ದೆ ಬಟ್ಟೆಯಲ್ಲಿ ಮಗಳ ಮೈ ಒರೆಸುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎರಡೇ ದಿನಕ್ಕೆ ಮಗಳ ದನಿ ಸರಿಯಾಯಿತು. ಅವರು ಮಾತ್ರ ಬಚ್ಚಲಿಗೆ ಬರಲಿಲ್ಲ.

ದಿನಾ ಬೆಳಗ್ಗೆ, ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಆದರೆ ಇವಳಿಗೆ ಕೂಸು ನೋಡಿಕೊಳ್ಳಲೂ ಬರುವುದಿಲ್ಲ ಎಂದು ಅತ್ತೆ ಅಂದುಬಿಟ್ಟರೆ? ಚಹಾ ಮಾಡುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಹೇಳುವುದನ್ನು ಮಾತ್ರ ನಾಳೆಗೆ ಹಾಕುತ್ತಿದ್ದೆ. ಕೂತಲ್ಲಿ ಕೂಡಲಾಗದೆ ಹತ್ತು ಸಲ ತೊಟ್ಟಿಲಿಗೆ ಇಣುಕಿ, ಮಲಗಿದ ಮಗುವನ್ನೇ ಎಬ್ಬಿಸುತ್ತಿದ್ದೆ.

ಎಂಟನೆಯ ದಿನ ಅತ್ತೆ ಓಣಿಯ ಹೆಂಗಸೊಬ್ಬರನ್ನು ಕರೆತಂದರು. "ಇನ್ನ ಕೂಸಿಗೆ ಇವ್ರ ನೀರ ಹಾಕ್ತಾರ. ನನ್ನ ಕೈಮ್ಯಾಲ ನನಗ ನಂಬಿಕಿ ಇಲ್ಲ," ಎಂದರು.

ಆ ಹೆಂಗಸನ್ನು ಹೊರಗೆ ಕೂಡಿಸಿ, ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಹಗ್ಗ, ಅಳು, ಸುಳ್ಳು ಎಲ್ಲ.

ಬೈಯುತ್ತಾರೆಂದು ಕಾದೆ.

"ಅಳೂದು ಕೇಳಲಿಲ್ಲ, ಅಷ್ಟ ಹೌದಿಲ್ಲೋ? ನನಗೂ ಎಷ್ಟೋ ಸಲ ಕೇಳಿಲ್ಲ ಬೇ," ಎಂದರು. ಆಮೇಲೆ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು. "ಆದ್ರ ಎಂಟ ದಿನಾ ನಾ ನನ್ನ ಕೈ ನೋಡ್ಕೊಂತ ಕುಂತಿದ್ನಲ್ಲ, ಅದೂ ನಿನಗ ಕಾಣಲಿಲ್ಲೇನ?"

"ಇಲ್ರೀ," ಎಂದೆ.

ಕಂಡಿತ್ತು. ಎಂಟೂ ದಿನ ಕಂಡಿತ್ತು. ಅದನ್ನು ಇವತ್ತಿಗೂ ಅವರಿಗೆ ಹೇಳಿಲ್ಲ.